ಭಾವನ ಕಾರಿನ ಆಂಪ್ಲಿಫೈಯರ್

ನನ್ನ ಅಕ್ಕನ ಗಂಡನಿಗೆ ಕಿವಿಗಳಿರುವುದು ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ. ಹುಣಸೂರಿನಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುವ ಅಂಗಡಿ ನನ್ನದು. ಒಂದು ಬೆಳಿಗ್ಗೆ ಭಾವ ಕೃಷ್ಣರಾಜನಗರದಿಂದ ಹೊಸ ಕಾರಿನಲ್ಲಿ ಅಕ್ಕನೊಡನೆ ಬಂದಿಳಿದು, ದೊಡ್ಡದೊಂದು ಆಂಪ್ಲಿಫೈಯರನ್ನು ನನ್ನ ಮೇಜಿನ ಮೇಲಿಟ್ಟರು.

"ನಾನು ಬತ್ತಾ ಇವ್ನಿ ಅಂತ ಊರಿಗೇ ಗೊತ್ತಾಗ್ಬೇಕು ಕಣ್ಲಾ."

ಸೀಟಿನಡಿ ಅದನ್ನು ಕೂರಿಸಿ, ಬ್ಯಾಟರಿಯಿಂದ ತಂತಿ ಎಳೆದು, ಹಾಡು ಹಾಕಿದೆ. ಆಂಪ್ಲಿಫೈಯರಿನ ಗೇನ್ ತಿರುಪನ್ನು ಮೆಲ್ಲಗೆ ತಿರುಗಿಸುತ್ತ, ದನಿ ಒಡೆಯುವ ಮೊದಲೇ ನಿಲ್ಲಿಸಿದೆ. ಇದು ಸದ್ದು ಹೆಚ್ಚಿಸುವ ತಿರುಪಲ್ಲ, ಇನ್ನೂ ತಿರುಗಿಸಿದರೆ ಸ್ಪೀಕರ್ ಸುಡುತ್ತದೆ, ದಯವಿಟ್ಟು ಮುಟ್ಟಬೇಡಿ ಎಂದು ಕೈಮುಗಿದೆ.

"ಇನ್ನೂ ಅರ್ಧಕ್ಕೇ ನಿಂತದಲ್ಲೋ. ಮಿಕ್ಕಿದ್ದು ಯಾರಿಗ್ ಮಡಗಿದ್ದೀಯ?" ಎಂದು ಭಾವ ನಕ್ಕರು.

ಕಬಿನಿ ಅಣೆಕಟ್ಟೆ ನೋಡಲು ಹೊರಟವರು ಅದಿರುವ ಬೀಚನಹಳ್ಳಿ ತಲುಪುವ ಮೊದಲೇ ಆ ತಿರುಪನ್ನು ಕೊನೆಯವರೆಗೆ ತಿರುಗಿಸಿದ್ದರು. ಸ್ಪೀಕರಿನೊಳಗಿನ ಸುರುಳಿ ಸುಟ್ಟು ಕಾರೆಲ್ಲ ಕಮಟು ವಾಸನೆ. ಎಂಜಿನ್ನಿಗೇ ಬೆಂಕಿ ಬಿತ್ತೆಂದು ಭಾವ ಬಾನೆಟ್ ಎತ್ತಿ, ಅಕ್ಕ ತಂದಿದ್ದ ಕುಡಿಯುವ ನೀರನ್ನೆಲ್ಲ ಸುರಿದರು. ಕಾರು ಮತ್ತೆ ಶುರುವಾಗಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಚ್.ಡಿ. ಕೋಟೆಗೆ ಎಳೆಸಿಕೊಂಡು ಬಂದು, ನನ್ನನ್ನು ಕರೆಸಿದರು.

"ಎಂಥಾ ಕೆಲ್ಸ ಮಾಡಿದ್ಯಲಾ!" ಎಂದು ನನ್ನ ಮೇಲೇ ಹರಿಹಾಯ್ದರು. ನಾನು ತಿರುಪು ತೋರಿಸಿದೆ. ಅವರು ಆ ಕಡೆ ನೋಡಲೇ ಇಲ್ಲ.

ಅಕ್ಕ ಮಾತ್ರ ಕಾರಿನಿಂದಿಳಿಯುತ್ತ, "ಬುಡಪ್ಪ, ಟ್ರ್ಯಾಕ್ಟರ್ ಹಿಂದೆ ಬರೋವಾಗ್ಲೇ ಒಸಿ ನೆಮ್ದಿಯಾಗಿತ್ತು" ಎಂದಳು.

ಹೊಸ ಸ್ಪೀಕರ್ ಹಾಕಿಕೊಟ್ಟೆ. ಟ್ಯೂನಿಂಗ್ ನನಗೆ ಕಲಿಸಿದ್ದೇ ತಾವು ಎಂದು ಭಾವ ಈಗ ನೆಂಟರಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ.