ಹಾರ್ಡ್ ಡಿಸ್ಕಿನಲ್ಲಿದ್ದ ಅವ್ವ

ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆ ನಿಮಗೆ ಗೊತ್ತೇ? ಬಿಸಿಯಾಗಿ ಆರಿದ ದೂಳು, ಅದರಲ್ಲಿ ಒಂದಿಷ್ಟು ಎರೆಮಣ್ಣು, ಮೂಲೆಯಲ್ಲಿ ಹಲ್ಲಿ ಬಿಟ್ಟುಹೋದ ಗುರುತು. ಈ ಬೆಳಿಗ್ಗೆ ಬಣ್ಣ ಹಚ್ಚುವ ಹಳೆಯ ಬ್ರಶ್ಶಿನಿಂದ ಅದನ್ನೆಲ್ಲ ಗುಡಿಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೆಲವು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಒಬ್ಬರ ಅವ್ವನನ್ನು ನಾನು ಅಳಿಸಿಹಾಕಲು ಹೊರಟಿದ್ದ ಮಧ್ಯಾಹ್ನ ನೆನಪಾಯಿತು.

ನಾನು ಕುಂದಗೋಳದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಶಾಲೆಯ ಕಂಪ್ಯೂಟರುಗಳಿಗೆ, ಆಜ್ಞೆ ಕುಟ್ಟಿ ನಡೆಸಬಹುದಾದ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡುವುದನ್ನು ಕಂಡು, ಕರಿಹಲಗೆಯ ಮೇಲೆ ಬಿಳಿ ಖಡುವಿನಲ್ಲಿ ಬರೆದು ಸವೆದ ನನಗೆ ಇದು ನಮ್ಮದೇ ವಿದ್ಯೆ ಎನಿಸಿಬಿಟ್ಟಿತು. ಮನೆಯಲ್ಲೂ ಅದನ್ನೇ ಹಾಕಿಕೊಂಡೆ. ನಾಲ್ಕು ಆಜ್ಞೆ ಕಲಿತೆ. ನನ್ನ ಹೆಂಡತಿ ಕಮಲಾ ಓಣಿಯಲ್ಲೆಲ್ಲ, ‘ನಮ್ಮನಿಯವರು ಹೇಳಿದ್ದು ಕಂಪ್ಯೂಟರ್ ಕೇಳ್ತೈತಿ ನೋಡ್ರಿ, ಅದೊಂದ ಕೇಳೂದು’ ಎಂದು ಹೇಳಿಕೊಂಡು ಬಂದಳು. ಅರ್ಧ ಹೊಗಳಿಕೆ, ಅರ್ಧ ಚುಚ್ಚು. ನಾನು ಮೊದಲರ್ಧವನ್ನಷ್ಟೇ ಇಟ್ಟುಕೊಂಡೆ.

ಆ ಕೀರ್ತಿ ಕುಬಿಹಾಳದವರೆಗೂ ಹೋಗಿ ಶಾರದಾ ಅಕ್ಕೋರನ್ನು ಕರೆತಂದಿತು. ಅವರು ಕಮಲಾಳಿಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಗಂಟಲಿನ ಬೇನೆ ಬಂದು ದನಿ ಒಡೆದುಹೋಗಿತ್ತು. ಬಸ್ಸಿಳಿದು ಬಂದವರೇ ಕೈಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಕರಗಡಬು ತಂದಿದ್ದಾರೆಂದು ನಾನು ಮುಂದೆ ಬಾಗಿದೆ. ಒಳಗೆ ಬಿಳಿ ಅರಿವೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ಇತ್ತು.

‘ಸಿಡ್ಲು ಹೊಡದು ಕಂಪ್ಯೂಟರ್ ಸುಟ್ಟೋತ್ರಿ ಸರ. ಇದೊಂದು ಉಳದೈತಿ ಅಂದ್ರು. ಇದರಾಗ ನಮ್ಮವ್ವ ಅದಾಳ್ರಿ.’

ತೀರಿಕೊಂಡ ತಾಯಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಅಕ್ಕೋರು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದರಂತೆ. ಮೊಬೈಲ್ ಕಳೆದು ಬಹಳ ದಿನವಾಗಿತ್ತು. ಬೇರೆ ಪ್ರತಿ ಇರಲಿಲ್ಲ.

‘ಅದೇನ್ ದೊಡ್ಡ ಮಾತ್ರಿ ಅಕ್ಕಾರ’ ಎಂದೆ. ದೊಡ್ಡ ಮಾತೇ ಆಗಿತ್ತು. ಎರಡನೆಯ ಡಿಸ್ಕನ್ನು ನಾನು ಎಂದೂ ಜೋಡಿಸಿರಲಿಲ್ಲ.

ಕರೆಂಟಿನ ತಂತಿ ಕಿತ್ತು, ಡಬ್ಬಿ ಬಿಚ್ಚಿ, ನನ್ನ ಡಿಸ್ಕಿನ ಬಾಜುವಿಗೆ ಅವರದನ್ನು ಕೂಡಿಸಿ ಚಾಲೂ ಮಾಡಿದೆ. ಡಿಸ್ಕುಗಳ ಪಟ್ಟಿ ತೋರಿಸು ಎಂದು ಆಜ್ಞೆ ಕೊಟ್ಟರೆ ಎರಡು ಹೆಸರು ಬಂದವು: ಎಸ್‌ಡಿಎ, ಎಸ್‌ಡಿಬಿ. ಎರಡರ ಅಳತೆಯೂ ಒಂದೇ. ಮೊದಲಿನಿಂದ ಮನೆಯಲ್ಲಿರುವವನು ನಾನು, ಆದ್ದರಿಂದ ‘ಎ’ ನನ್ನದು, ಆಮೇಲೆ ಬಂದ ‘ಬಿ’ ಅಕ್ಕೋರದು ಎಂದು ತೀರ್ಮಾನಿಸಿದೆ. ಡಿಸ್ಕನ್ನು ಜೋಡಿಸಿದರಷ್ಟೇ ಸಾಲದು. ಅದರೊಳಗಿನದು ಕಾಣುವಂತೆ ಒಂದು ಖಾಲಿ ಫೋಲ್ಡರಿಗೆ ಕೂಡಿಸಬೇಕು. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಹೇಗೆಂದು ಮೊಬೈಲಿನಲ್ಲಿ ಹುಡುಕಿ, ಸಿಕ್ಕ ಪುಟವೊಂದನ್ನು ಎದುರಿಗಿಟ್ಟುಕೊಂಡೆ. ಮೊದಲು ಫಾರ್ಮ್ಯಾಟ್, ಆಮೇಲೆ ಮೌಂಟ್ ಎಂದಿದ್ದುದನ್ನು ಗಟ್ಟಿಯಾಗಿ ಓದಿಕೊಂಡೆ. ‘ಬಿ’ಯ ಹೆಸರು ಹಾಕಿ, ಬರೆದದ್ದನ್ನು ಬರೆದಂತೆ ಕುಟ್ಟಿದೆ. ಎಂಟರ್ ಒತ್ತುವುದೊಂದೇ ಬಾಕಿ.

‘ಸರ, ಫಾರ್ಮ್ಯಾಟ್ ಅಂದ್ರ ಏನ್ರಿ?’ ಅಕ್ಕೋರು ಒಡಕು ದನಿಯಲ್ಲಿ ಕೇಳಿದರು.

ಪ್ರಶ್ನೆ ಕೇಳಿದರೆ ಮಾಸ್ತರನ ಬೆನ್ನು ನೆಟ್ಟಗಾಗುತ್ತದೆ, ನೋಡಿ. ಕೀಲಿಮಣೆಯಿಂದ ಕೈ ತೆಗೆದು ತಿರುಗಿ ಕೂತೆ. ‘ಪಾಟಿ ಇರ್ತೈತಲ್ರಿ ಅಕ್ಕಾರ, ಅದನ್ನ ಹಸಿ ಅರಿವೀಲೆ ಒರಸಿ ಅಗದಿ ಸ್ವಚ್ಛ ಮಾಡಿದಂಗ್ರಿ.’

ಅಕ್ಕೋರು ಡಿಸ್ಕ್ ಸುತ್ತಿ ತಂದಿದ್ದ ಬಿಳಿ ಅರಿವೆಯನ್ನು ಕೈಗೆತ್ತಿಕೊಂಡರು.

‘ಹಂಗಾರ... ನಮ್ಮವ್ವ?’

ನನ್ನ ಜೀವಮಾನದಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳಿದವನಲ್ಲ ನಾನು. ಆ ಪಾಠ ನನಗೇ ಮೊದಲು ತಿಳಿಯಿತು. ಕುಟ್ಟಿದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಕಮಲಾ ನನ್ನ ಮೊಬೈಲ್ ಎತ್ತಿಕೊಂಡು ಓದಿ, ‘ಅಲ್ರೀ, ಮ್ಯಾಲೆ ಹೊಸಾ ಡಿಸ್ಕಿಗೆ ಅಂತ ಬರದೈತಿ. ತಲಿಬರಹ ಓದ್ರಿ ಅಂತ ಹುಡುಗೂರಿಗೆ ದಿನಾ ಹೇಳ್ತೀರಿ’ ಎಂದಳು.

ಆಮೇಲೆ ದಾರಿ ತೋರಿಸಿದವರು ಅಕ್ಕೋರೇ. ‘ಬರೇ ಹೆಸರು ನಂಬಬ್ಯಾಡ್ರಿ ಸರ. ನನ್ನ ವರ್ಗದಾಗ ಮೂರು ಮಂದಿ ಬಸವರಾಜ ಇದ್ರು. ಹಾಜರಿ ನಂಬರಿಲೆ ಕರೀತಿದ್ದೆ.’

ಹಾಜರಿ ನಂಬರು! ಪ್ರತಿ ಡಿಸ್ಕಿನ ಚೀಟಿಯ ಮೇಲೂ ಅದರದೇ ಆದ ಒಂದು ನಂಬರು ಇರುತ್ತದೆ. ಕಂಪ್ಯೂಟರ್ ಬಂದ್ ಮಾಡಿ ಅವರ ಡಿಸ್ಕ್ ಹೊರತೆಗೆದೆ. ಅಕ್ಕೋರು ಚಾಳೀಸು ಏರಿಸಿಕೊಂಡು ಒಂದೊಂದೇ ಅಕ್ಷರ ಓದಿದರು, ಕಮಲಾ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಮತ್ತೆ ಜೋಡಿಸಿ, ಈ ಸಲ ನಂಬರಿನ ಸಮೇತ ಪಟ್ಟಿ ಕೇಳಿದೆ. ತಾಳೆ ನೋಡಿದರೆ ಅಕ್ಕೋರದು ‘ಎ’! ಗಡಿಬಿಡಿಯಲ್ಲಿ ತಂತಿ ಅದಲುಬದಲು ಮಾಡಿದ್ದೆ. ಅಂದರೆ ಒರೆಸಲು ಹೊರಟದ್ದು ಅವರ ಅವ್ವನನ್ನು, ಕೈ ಎತ್ತಿದ್ದು ನನ್ನದೇ ಪಾಟಿಯ ಮೇಲೆ. ತಪ್ಪನ್ನೂ ತಪ್ಪಾಗಿಯೇ ಮಾಡಿದ್ದೆ.

ಖಾಲಿ ಫೋಲ್ಡರೊಂದನ್ನು ಮಾಡಿ ಶಾರದಾ ಎಂದು ಹೆಸರಿಟ್ಟೆ. ಓದಲು ಮಾತ್ರ ಬರಬೇಕು, ಬರೆಯಲು ಬರಬಾರದು ಎಂಬ ಕಟ್ಟಳೆ ಹಾಕಿ ಡಿಸ್ಕನ್ನು ಅದಕ್ಕೆ ಕೂಡಿಸಿದೆ. ಎಂಟರ್ ಒತ್ತಿದೆ. ಯಂತ್ರ ಒಂದು ಮಾತೂ ಆಡಲಿಲ್ಲ.

‘ಏನೂ ಅನ್ನಲಿಲ್ಲಲ್ರಿ?’ ಅಕ್ಕೋರು ಗಾಬರಿಯಾದರು.

‘ಬೈಲಿಲ್ಲ ಅಂದ್ರ ಆತು ಅಂತ ಅರ್ಥ್ರಿ.’

‘ಅಗದಿ ನಮ್ಮತ್ತಿ ಹಂಗ’ ಎಂದಳು ಕಮಲಾ.

ಫೋಲ್ಡರ್ ತೆರೆದರೆ ಎಲ್ಲವೂ ಇತ್ತು. ಮೊದಲನೆಯದನ್ನು ಒತ್ತಿದೆ. ಬೀಸುಕಲ್ಲಿನ ಗರಗರ, ಅದರ ಮೇಲೆ ತೇಲಿ ಬರುವ ಮುದಿ ದನಿಯ ಹಾಡು. ಎರಡು ಸಾಲು ಆಗಿರಬೇಕು, ಕಲ್ಲು ನಿಂತಿತು, ಹಾಡೂ ನಿಂತಿತು: ‘ಏ ಶಾರದಾ, ತಗೀ ಅದನ್ನ ಅತ್ತಾಗ! ಹಿಟ್ಟು ಸಿಡೀತೈತಿ.’

‘ಹ್ಞೂಂ ಬೇ ಯವ್ವಾ, ತಗೀತೇನಿ’ ಎಂದು ಅಕ್ಕೋರು ಕಂಪ್ಯೂಟರಿಗೆ ಉತ್ತರ ಕೊಟ್ಟರು. ಕೊಟ್ಟಮೇಲೆ ನಮ್ಮಿಬ್ಬರನ್ನೂ ನೋಡಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದೇ ಎರಡು ಪೆನ್ ಡ್ರೈವಿಗೆ ಪ್ರತಿ ತೆಗೆದುಕೊಟ್ಟೆ.

ಈ ಬೆಳಿಗ್ಗೆ ಇದೆಲ್ಲ ನೆನೆದು ಬ್ರಶ್ಶು ಕೆಳಗಿಟ್ಟೆ. ಅಡುಗೆಮನೆಯಲ್ಲಿ ಕಮಲಾ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ವರ್ಷ ಕೇಳಿದ ಸದ್ದೇ, ಆದರೆ ನನ್ನ ಹತ್ತಿರ ಅದರ ಒಂದು ಪ್ರತಿಯೂ ಇಲ್ಲ. ಮೊಬೈಲ್ ಚಾಲೂ ಮಾಡಿಕೊಂಡು ಬಾಗಿಲಲ್ಲಿ ನಿಂತೆ.

‘ಏನ್ ಮಾಡಾಕತ್ತೀರಿ ಅಲ್ಲೆ?’

‘ನಿನ್ನ ದನಿ ಇಟ್ಕೊಳ್ಳಾಕತ್ತೇನಿ.’

‘ನಾ ಏನ್ ಹಾಡ್ತೇನೇನ್ರಿ? ಬರೇ ನಿಮಗ ಬೈಯ್ಯೂದು.’

‘ಅದನ್ನ ಇಟ್ಕೋತೇನಿ.’

ಅವಳು ಕೈಯ ಹಿಟ್ಟು ಜಾಡಿಸಿ, ಸೆರಗು ಸರಿಮಾಡಿಕೊಂಡು, ಕೆಮ್ಮಿ ಗಂಟಲು ಸರಿಪಡಿಸಿಕೊಂಡಳು.

‘ತಡೀರಿ ಹಂಗಾರ, ಸರಿಯಾಗಿ ಬೈತೇನಿ.’