ಹೈವೇ ಆಚೆಯ ಮನೆ

ಆಗೆಲ್ಲ ಬಾಡಿಗೆ ಮನೆ ಹುಡುಕುವುದೆಂದರೆ ಚಪ್ಪಲಿ ಸವೆಸುವ ಕೆಲಸ. ಫೋನಿನಲ್ಲಿ ಫೋಟೋ ನೋಡಿ ಮನೆ ಒಪ್ಪಿಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ. ಗೇಟಿಗೆ ಕಟ್ಟಿದ ರಟ್ಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದಿರುತ್ತಿದ್ದರು. ಅದನ್ನು ಕಂಡು ಕದ ತಟ್ಟಬೇಕು, ಒಳಗಿನವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗಿಸುವ ತನಕ ಹೊಸ್ತಿಲಾಚೆ ನಿಂತಿರಬೇಕು. ನಿಮ್ಮಲ್ಲೂ ಕೆಲವರು ಹಾಗೆ ಅಪ್ಪ ಅವ್ವನ ಬೆನ್ನ ಹಿಂದೆ ನಿಂತು ಗೊತ್ತಿಲ್ಲದವರ ಮನೆಯ ಒಗ್ಗರಣೆಯ ಘಮ ಹಿಡಿದಿರುತ್ತೀರಿ. ಆ ಬೇಸಿಗೆಯಲ್ಲಿ ನನಗೆ ಅದು ಬೇಕಾದಷ್ಟು ಸಿಕ್ಕಿತು.

ನಾವು ತಾಳ್ಯದವರು. ಅಜ್ಜನ ಕಾಲದಿಂದ ಕುರಿ ಮತ್ತು ಒಂದಿಷ್ಟು ಹೊಲ. ಅಪ್ಪ ಐಟಿಐ ಓದಿ ಹೊಳಲ್ಕೆರೆಯ ಮೋಟಾರು ರಿಪೇರಿ ಅಂಗಡಿಯಲ್ಲಿ ದುಡಿಯುತ್ತಿದ್ದ. ಚಿತ್ರದುರ್ಗದ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳನ್ನು ನಿಲ್ಲಿಸಿದ್ದ ಕಂಪನಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿದಾಗ ಊರಿಗೆಲ್ಲ ಸಕ್ಕರೆ ಹಂಚಿದೆವು. ಗುಡ್ಡದ ಮೇಲಿನ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ. ಕತ್ತಲಾಗುವ ಮುಂಚೆ ಕಂಪನಿ ಜೀಪು ಹತ್ತಿದರೆ ಬೆಳಿಗ್ಗೆ ಬಿಸಿಲೇರಿದ ಮೇಲೆ ಮನೆಗೆ. ದಿನಾ ತಾಳ್ಯದಿಂದ ಓಡಾಡುವ ಕೆಲಸವಲ್ಲ. ನನಗೆ ಒಂಬತ್ತು ವರ್ಷ. ತಮ್ಮ ಸಿದ್ದುವಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ.

ಚಿತ್ರದುರ್ಗದಲ್ಲಿ ಮೊದಲು ನೋಡಿದ್ದು ನಾನು ಸೇರಬೇಕಿದ್ದ ಶಾಲೆಗೆ ಹತ್ತಿರದ ಒಂದು ಒಳ್ಳೆಯ ಮನೆ. ಮುಂದೆ ಪಾರಿಜಾತದ ಗಿಡವಿತ್ತು. ಯಜಮಾನರು ಅಪ್ಪನ ಕೆಲಸ, ಸಂಬಳ ಎಲ್ಲ ವಿಚಾರಿಸಿ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, “ನೀವು ಯಾವ ಜನ?” ಅಂದರು. ಅಪ್ಪ ಹೇಳಿದ.

“ಬೇಜಾರು ಮಾಡ್ಕಬ್ಯಾಡ್ರಿ. ಮನೇಲಿ ವಯಸ್ಸಾದೋರು ಅದಾರೆ. ಮಾಂಸ ಬೇಯಿಸೋ ವಾಸ್ನೆ ಅವ್ರಿಗೆ ಆಗಲ್ಲ.”

ಬೀದಿಗೆ ಬಂದ ಮೇಲೆ ಸಿದ್ದು ಎಲ್ಲರಿಗೂ ಕೇಳುವ ಹಾಗೆ, “ಅವ್ವಾ, ನಾವು ಯಾವ ಜನ?” ಅಂದ.

“ಮನೆ ಇಲ್ದಿರೋ ಜನ, ನಡಿ,” ಅಂದಳು ಅವ್ವ.

ಅಂಥವೇ ಇನ್ನೂ ಕೆಲವು ಕದಗಳಾದ ಮೇಲೆ ನಾವು ಕೋಟೆಯ ಬುಡದ ಒಂದು ಓಣಿಗೆ ಬಂದೆವು. ಕೆಳಗೆ ಹಾಸಿಗೆ ಹೊಲಿಯುವ ಅಂಗಡಿ, ಮೇಲೆ ಎರಡು ಕೋಣೆ ಖಾಲಿ. ಅಂಗಡಿಯ ಬಾಗಿಲಲ್ಲಿ ದಪ್ಪ ಕನ್ನಡಕ ಹಾಕಿಕೊಂಡು ದಿಂಬು ಹೊಲಿಯುತ್ತಿದ್ದ ಮುದುಕಿಯೇ ಮನೆಯ ಒಡತಿ, ಜೈನಾಬಿ. ಆಕೆ ನಮ್ಮನ್ನು ಏನೂ ಕೇಳಲಿಲ್ಲ.

“ಬರ್ರಿ, ಕುಂತ್ಕಳ್ರಿ. ಇಂಥ ಬಿಸಿಲಾಗೆ ಕೂಸುಗಳನ್ನ ಕರ್ಕಂಡು ಅಲೀತೀರಲ್ಲ!” ಎಂದು ಮಡಕೆಯ ನೀರು ತರಿಸಿದಳು. ನಾನು ಕುಡಿಯುವಷ್ಟರಲ್ಲಿ ಸಿದ್ದು ಒಳಗೆ ಗುಡ್ಡೆ ಹಾಕಿದ್ದ ಹತ್ತಿಯ ಮೇಲೆ ಬಿದ್ದು ಹೊರಳಾಡುತ್ತಿದ್ದ. ಅವ್ವ ಗದರಿಸಲು ಎದ್ದಳು. “ಬಿಡಮ್ಮ, ಹತ್ತಿ ಇರಾದೇ ಹೊರಳಾಡಕ್ಕೆ,” ಎಂದು ಜೈನಾಬಿ ನಕ್ಕಳು. ಓಣಿಯ ಉದ್ದಕ್ಕೂ ಕದಗಳೆಲ್ಲ ತೆರೆದಿದ್ದವು. ಒಬ್ಬಳು ಕಟ್ಟೆಯ ಮೇಲೆ ಕುಳಿತು ಮೀನು ಉಜ್ಜುತ್ತಿದ್ದಳು, ಇನ್ನೊಬ್ಬಳು ಎದುರು ಮನೆಯವಳ ತಲೆ ಬಾಚುತ್ತಿದ್ದಳು. ಮಕ್ಕಳು ಯಾರ ಮನೆಯವರೆಂದು ಹೇಳಲಾಗದ ಹಾಗೆ ಎಲ್ಲ ಮನೆಗಳಲ್ಲೂ ನುಗ್ಗಿ ಬರುತ್ತಿದ್ದರು.

ಅಷ್ಟರಲ್ಲಿ ಒಳಗೆ ಹತ್ತಿ ಹಿಂಜುವ ಮಿಷನ್ನು ಶುರುವಾಯಿತು. ನೆಲ, ಗೋಡೆ, ಕೈಯಲ್ಲಿನ ಲೋಟ ಎಲ್ಲ ಅದುರತೊಡಗಿದವು.

“ಇದು ಎಷ್ಟೊತ್ತಿಗೆ ನಿಲ್ತೈತೆ?” ಅಪ್ಪ ಕೂಗಿ ಕೇಳಿದ.

“ಸಂಜೆ ನಮಾಜಿಗೆ ನಿಲ್ತೈತಪ್ಪ.”

ಅಪ್ಪ ಲೋಟ ಕೆಳಗಿಟ್ಟ. ಅವನಿಗೆ ಹಗಲೇ ರಾತ್ರಿಯಾಗಬೇಕಿತ್ತು.

ಹೈವೇ ದಾಟಿ ಹೋದರೆ ಹೊಸ ಬಡಾವಣೆ. ಜೋಳದ ಹೊಲವಾಗಿದ್ದ ಜಾಗಕ್ಕೆ ಕಲ್ಲು ನೆಟ್ಟು, ಕೆಂಪು ಮಣ್ಣಿನ ರಸ್ತೆ ಎಳೆದಿದ್ದರು. ಅಲ್ಲೊಂದು ಇಲ್ಲೊಂದು ಮನೆ ಬಿಟ್ಟರೆ ಉಳಿದದ್ದೆಲ್ಲ ಬಯಲು. ನಮಗೆ ತೋರಿಸಿದ ಮನೆಗೆ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಡಿಗೆಮನೆಯ ಒಳಗೇ ನಲ್ಲಿ, ಗೋಡೆಗೆ ಹಸಿರು ಹೂವಿನ ಟೈಲ್ಸು. ಅವ್ವ ನಲ್ಲಿ ತಿರುಗಿಸಿದಳು, ನೀರಿಗೆ ಕೈಯೊಡ್ಡಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ತಾಳ್ಯದಲ್ಲಿ ಬೋರಿನ ಹತ್ತಿರ ಕೊಡಗಳ ಸಾಲು ಕಾದವಳು ಅವಳು. ಅಪ್ಪ ಮಲಗುವ ಕೋಣೆಯ ಕಿಟಕಿ ಮುಚ್ಚಿ ಸುಮ್ಮನೆ ನಿಂತು ಕೇಳಿಸಿಕೊಂಡ. ಏನೂ ಕೇಳಿಸಲಿಲ್ಲ. ಅವನ ಮುಖ ಅರಳಿತು.

ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅವರಿಬ್ಬರೂ ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

“ಜನ ಇಲ್ದಿರೋ ಕಡೆ ಹೆಂಗ್ರಿ ಇರಾದು? ರಾತ್ರಿ ನೀವು ಇರಲ್ಲ. ಸ್ಕೂಲು ಬೇರೆ ಪ್ಯಾಟೆ ಒಳಗೈತೆ. ಆ ಅಜ್ಜಿ ಮನೇಲಿ ಆದ್ರೆ ಹುಡುಗ್ರನ್ನ ನೋಡಾಕೆ ಹತ್ತು ಕಣ್ಣು ಇರ್ತಾವೆ.”

“ಹಗಲೊತ್ತು ನಾನು ನಿದ್ದೆ ಮಾಡ್ಬೇಕಲ್ಲೇ ಗೌರಿ. ಕರೆಂಟಿನ ಕೆಲ್ಸ. ತೂಕಡಿಸ್ಕಂಡು ಎಲ್ಲೋ ಕೈ ಇಟ್ರೆ ಮುಗೀತು.”

ಸಿದ್ದುವಿನ ಬಾಯಿ ಖಾರಕ್ಕೆ ಉರಿಯುತ್ತಿತ್ತು. ಅವ್ವ ಅವನ ತುಟಿಯನ್ನು ಸೆರಗಿನಿಂದ ಒರೆಸುತ್ತ, “ಆಯ್ತು ಬಿಡ್ರಿ, ಹಂಗಾದ್ರೆ ಅಲ್ಲಿಗೇ ಹೋಗಾಣ,” ಅಂದಳು.

ಮೊದಮೊದಲು ಆ ಮನೆ ನಮಗೆ ಸ್ವರ್ಗವಾಗಿತ್ತು. ಕಟ್ಟುತ್ತಿದ್ದ ಮನೆಗಳ ಮುಂದೆ ಮರಳಿನ ಗುಡ್ಡೆಗಳು. ಪಾದದ ಮೇಲೆ ಒದ್ದೆ ಮರಳು ತಟ್ಟಿ, ಮೆಲ್ಲಗೆ ಕಾಲೆಳೆದು ನಾವು ಗುಬ್ಬಿಗೂಡು ಮಾಡುತ್ತಿದ್ದೆವು. ಸಿದ್ದುವಿನ ಗೂಡು ಯಾವಾಗಲೂ ಕುಸಿಯುತ್ತಿತ್ತು, ಅವನು ಕಾಲು ಬೇಗ ಎಳೆಯುತ್ತಿದ್ದ. ಸಿಮೆಂಟಿನ ಗೋಡೆಗೆ ನೀರು ಹೊಡೆದಾಗ ಏಳುವ ಘಮಕ್ಕೆ ಅವನು ಗೋಡೆಗೇ ಮೂಗು ಹಚ್ಚಿ ನಿಲ್ಲುತ್ತಿದ್ದ. ನಾಲಿಗೆ ಹಚ್ಚಿದ್ದಕ್ಕೆ ಅವ್ವನಿಂದ ಏಟು ತಿಂದದ್ದೂ ಉಂಟು.

ಜೂನಿನಲ್ಲಿ ಶಾಲೆ ಶುರುವಾಯಿತು. ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗುವ ಹಾಲಿನ ಆಟೋದವರು ನನ್ನನ್ನು ಬಿಡುತ್ತಿದ್ದರು. ಸಂಜೆ ಅವ್ವ ಸಿದ್ದುವನ್ನು ಕರೆದುಕೊಂಡು ನಡೆದು ಬರಬೇಕು. ಹೈವೇ ದಾಟಿ ಪೇಟೆ ಮುಟ್ಟುವಷ್ಟರಲ್ಲಿ ಅವನು ಅವಳ ಸೊಂಟ ಏರಿರುತ್ತಿದ್ದ. ಶಾಲೆ ಬಿಡುವ ತನಕ ಅವರಿಬ್ಬರೂ ಜೈನಾಬಿಯ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಮನೆ ಬೇಡವೆಂದರೂ ಆ ಮುದುಕಿ ಮುನಿಸಿಕೊಂಡಿರಲಿಲ್ಲ. “ಏನಪ್ಪ ಸಿದ್ದೂಸಾಬ್, ಬಂದ್ಯಾ?” ಎಂದು ಅವನ ಅಂಗೈಗೆ ಹುರಿಗಡಲೆ ಸುರಿಯುತ್ತಿದ್ದಳು.

ಆಷಾಢ ಬಂತು. ನಮ್ಮ ಸೀಮೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಹಗಲೂ ರಾತ್ರಿ ಒಂದೇ ಸಮನೆ ಬೀಸುವ ಗಾಳಿ ಅದು. ಗಾಳಿ ಹೆಚ್ಚಾದಷ್ಟೂ ಗುಡ್ಡದ ಮೇಲೆ ಅಪ್ಪನಿಗೆ ಕೆಲಸ ಹೆಚ್ಚು. ರಜೆ ಇಲ್ಲ, ಬದಲಿ ಇಲ್ಲ. ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಮುದ್ದೆ ನುಂಗಿ, ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಬಿದ್ದರೆ ಅವನು ಕಟ್ಟಿಗೆಯ ಹಾಗೆ ಮಲಗುತ್ತಿದ್ದ. ಬಡಾವಣೆಯಲ್ಲಿ ಕದಗಳು ತಾವೇ ಬಡಿದುಕೊಳ್ಳುತ್ತಿದ್ದವು. ಕೆಂಪು ಧೂಳು ಅನ್ನದ ತಟ್ಟೆಯಲ್ಲೂ ಕೂರುತ್ತಿತ್ತು.

ನಮ್ಮ ಪಕ್ಕದ ಸೈಟಿನಲ್ಲಿ ಅರ್ಧ ಕಟ್ಟಿದ ಮನೆಯೊಂದಿತ್ತು. ಯಜಮಾನರು ದಾವಣಗೆರೆಯಲ್ಲಿದ್ದರು. ಆಷಾಢದಲ್ಲಿ ಕೆಲಸ ಬೇಡವೆಂದು ಗಾರೆಯವರನ್ನು ಕಳಿಸಿಬಿಟ್ಟಿದ್ದರು. ಮುಂದೆ ಅಂಗಳದ ಮಟ್ಟಕ್ಕೇ ನೀರಿನ ಸಂಪು. ಬಾಯಿಗೆ ತಗಡು ಮುಚ್ಚಿತ್ತು. ಅವ್ವ ಹೇಳಿದ್ದಕ್ಕೆ ಅಪ್ಪ ಹೋಗಿ ಆ ತಗಡಿನ ಮೇಲೆ ಸೈಜುಗಲ್ಲುಗಳನ್ನು ಹೇರಿ ಬಂದಿದ್ದ.

ಆ ದಿನ ಬೆಳಿಗ್ಗೆಯಿಂದ ಸಿದ್ದುವಿಗೆ ಕೆಮ್ಮು. ಮಧ್ಯಾಹ್ನ ಉಂಡವನು ಅಪ್ಪನ ಮಗ್ಗುಲಲ್ಲಿ ಮಲಗಿ ನಿದ್ದೆ ಹೋದ. ಅವ್ವ ನನ್ನನ್ನು ಕರೆತರಲು ಹೊರಡುವಾಗ ಅವನನ್ನು ಎತ್ತಿಕೊಳ್ಳಲು ಬಗ್ಗಿದಳಂತೆ. ಅಪ್ಪನಿಗೆ ಅರೆ ಎಚ್ಚರವಾಯಿತು.

“ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ? ಧೂಳು ಬೇರೆ. ನಾನಿಲ್ವಾ?”

ಅವ್ವ ಕದ ಮುಂದಕ್ಕೆಳೆದುಕೊಂಡು ಬಂದಳು.

ಅವಳೊಬ್ಬಳೇ ಬಂದದ್ದಕ್ಕೆ ಜೈನಾಬಿ, “ಸಾಬ್ ಎಲ್ಲಿ?” ಎಂದು ಕೇಳಿದ್ದು ನನ್ನ ಮುಂದೆಯೇ. ಹುರಿಗಡಲೆಯನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ನಾವಿಬ್ಬರೂ ಗಾಳಿಗೆ ಮುಖ ತಿರುಗಿಸಿಕೊಂಡು, ಸೆರಗು ಹಿಡಿದು, ನಗುತ್ತಲೇ ನಡೆದು ಬಂದೆವು. ಹೌದು, ದಾರಿಯಲ್ಲಿ ನಾವು ನಕ್ಕಿದ್ದೆವು. ಗಾಳಿ ಅವ್ವನನ್ನು ಹಿಂದಕ್ಕೆ ತಳ್ಳುತ್ತಿತ್ತು, ನಾನು ಅವಳ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ದೂಡುತ್ತಿದ್ದೆ.

ಮನೆಯ ಕದ ಪೂರಾ ತೆರೆದಿತ್ತು. ಅಪ್ಪ ಟವೆಲಿನಡಿ ಹಾಗೇ ಮಲಗಿದ್ದ. ಪಕ್ಕ ಖಾಲಿ.

“ಸಿದ್ದು ಎಲ್ಲಿ?” ಅಂದಳು ಅವ್ವ. ಉತ್ತರಕ್ಕೆ ಕಾಯಲಿಲ್ಲ. ಬಚ್ಚಲು ನೋಡಲಿಲ್ಲ, ಮರಳಿನ ಗುಡ್ಡೆಗಳ ಕಡೆ ನೋಡಲಿಲ್ಲ, ಹೆಸರು ಹಿಡಿದು ಕೂಗಲೂ ಇಲ್ಲ. ನೇರ ಪಕ್ಕದ ಸೈಟಿಗೆ ಓಡಿದಳು. ತಗಡು ಬೇಲಿಯ ಹತ್ತಿರ ಹೋಗಿ ಬಿದ್ದಿತ್ತು. ಕಲ್ಲುಗಳು ಉರುಳಿದ್ದವು. ಗಾಳಿಯೇ ಅದನ್ನು ಎತ್ತಿ ಒಗೆದಿತ್ತು.

ಬರಿಗಾಲಲ್ಲಿ ಓಡಿಬಂದ ಅಪ್ಪ ನಿಲ್ಲದೆ ಒಳಗೆ ಧುಮುಕಿದ. ಅವ್ವ ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದಳು. ಹಾಗಾಗಿ ನಾನು ಏನೂ ನೋಡಲಿಲ್ಲ. ಅಪ್ಪನ ಬಟ್ಟೆಯಿಂದ ನೀರು ಸುರಿಯುವುದು ಮಾತ್ರ ಕೇಳಿಸಿತು. ಅವನು ಕೂಗಿದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಳ್ಳುವವರು ಅಲ್ಲಿರಲಿಲ್ಲ.

ಹೈವೇಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಹಿರಿಯೂರಿನ ಕಡೆಯಿಂದ ಬರುತ್ತಿದ್ದ ಟೆಂಪೋದವನು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸಿದ್ದುವನ್ನು ತಾಳ್ಯದಲ್ಲಿ, ಅಜ್ಜನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಮತ್ತೆ ಆ ಮನೆಗೆ ನಾವು ಹೋದದ್ದು ಸಾಮಾನು ತರಲು ಮಾತ್ರ. ಶ್ರಾವಣದಲ್ಲಿ ಜೈನಾಬಿಯ ಮಹಡಿಗೆ ಬಂದೆವು. ಆ ಎರಡು ಕೋಣೆ ಆಗಲೂ ಖಾಲಿಯಿದ್ದವು. ಓಣಿಯ ಹೆಂಗಸರು ಸರದಿಯ ಮೇಲೆ ಊಟ ತಂದಿಟ್ಟರು. ಅವ್ವನ ತಲೆ ಬಾಚಿದರು. ನನ್ನನ್ನು ಅವರ ಮಕ್ಕಳ ನಡುವೆ ಮಲಗಿಸಿಕೊಂಡರು. ಜೈನಾಬಿ ಮಿಷನ್ನು ನಿಲ್ಲಿಸಿ, ಹತ್ತಿಯನ್ನು ಬೇರೆಯವರ ಹತ್ತಿರ ಹಿಂಜಿಸಲು ಕಳಿಸತೊಡಗಿದಳು. ಅಪ್ಪ ಒಂದು ದಿನ ಕೆಳಗಿಳಿದು ಹೋಗಿ, “ಅಮ್ಮಾ, ಮಿಷನ್ನು ಹಾಕ್ರಿ. ನನಗೆ ಹೆಂಗೂ ನಿದ್ದೆ ಬರಲ್ಲ,” ಅಂದ.

ಅವ್ವ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಳು. ನಾನು ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕುಳಿತಿದ್ದೆ. ಅಪ್ಪ ಅವಳ ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತ.

“ಒಂದ್ಸಲ ಬೈದುಬಿಡೇ. ಹೊಡಿ ಬೇಕಾದ್ರೆ. ನೀನು ಬ್ಯಾಡ ಅಂದಿದ್ದೆ. ನಾನೇ ನಿನ್ನ ಅಲ್ಲಿಗೆ ಎಳಕಂಡು ಹೋದೆ.”

ಅವ್ವನ ಕೈ ಮೊರದಲ್ಲೇ ನಿಂತಿತು.

“ಏನಂತ ಬೈಲಿ? ನನಗೂ ಆ ಮನೆ ಬೇಕಾಗಿತ್ತು ಕಣ್ರಿ. ಬಾಯಲ್ಲಿ ಬ್ಯಾಡ ಅಂದೆ ಅಷ್ಟೇ. ಆ ನಲ್ಲಿ ತಿರುಗಿಸಿದಾಗ್ಲೇ ನಾನು ಒಪ್ಪಿಕಂಡಿದ್ದೆ. ನೀವು ಒಬ್ರೇ ಆರಿಸಿದ್ದಲ್ಲ ಅದು.”

ಅಪ್ಪ ಅತ್ತದ್ದನ್ನು ನಾನು ಆಗ ನೋಡಿದೆ. ಅವ್ವ ಮೊರ ಬದಿಗಿಟ್ಟು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಕೆಳಗೆ ಮಿಷನ್ನು ಓಡುತ್ತಿತ್ತು. ಅವರಿಬ್ಬರೂ ಆಮೇಲೆ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಅವರು ಬೇರೆಯಾಗಲಿಲ್ಲ, ಒಬ್ಬರನ್ನೊಬ್ಬರು ದೂರಲೂ ಇಲ್ಲ. ಅಪ್ಪ ಕಂಪನಿ ಬಿಟ್ಟು ಪೇಟೆಯಲ್ಲಿ ಮೋಟಾರು ರಿಪೇರಿಗೆ ಕುಳಿತ. ನನ್ನನ್ನು ಓದಿಸಿದರು. ಓಣಿಯಲ್ಲಿ ನಾನು ಒಬ್ಬಳೇ ಮಗಳಾಗಿ ಬೆಳೆದೆ. ಜೈನಾಬಿ ತೀರಿಕೊಂಡ ಮೇಲೆ ‘ಸಿದ್ದೂಸಾಬ್’ ಎಂಬ ಹೆಸರನ್ನು ಹೇಳುವವರೂ ಇಲ್ಲವಾದರು. ಅವನ ಮುಖ ನನಗೆ ಫೋಟೋದಲ್ಲಿದ್ದಷ್ಟೇ ನೆನಪು. ದನಿ ನೆನಪಿಲ್ಲ. ಅವನು ಹೇಳಿದ ಮಾತುಗಳು ಗೊತ್ತು, ಆದರೆ ಅವು ನನ್ನ ದನಿಯಲ್ಲೇ ಕೇಳಿಸುತ್ತವೆ. ಅವ್ವನನ್ನು ಕೇಳೋಣವೆಂದರೆ ಧೈರ್ಯ ಸಾಲದು.

ಹೋದ ವರ್ಷ ನನಗೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ವರ್ಗವಾಯಿತು. ಮಗನಿಗೆ ಮೂರು ವರ್ಷ. ಮನೆ ತೋರಿಸುವವನು ನನ್ನ ಗಂಡನನ್ನೂ ನನ್ನನ್ನೂ ಕಾರಿನಲ್ಲಿ ಅದೇ ಬಡಾವಣೆಗೆ ಕರೆದೊಯ್ದ. ನಾನು ಬೇಡ ಅನ್ನಲಿಲ್ಲ. ಡಾಂಬರು ರಸ್ತೆ, ಸಾಲು ಮರ, ಪಾರ್ಕಿನಲ್ಲಿ ಜಾರುಬಂಡಿ. ಒಂದು ಸೈಟೂ ಖಾಲಿ ಉಳಿದಿರಲಿಲ್ಲ. ನಮ್ಮ ಮನೆ ಯಾವುದೆಂದು ಎಷ್ಟು ತಿರುಗಿದರೂ ಗುರುತು ಸಿಗಲಿಲ್ಲ. ಗೇಟಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಚಿಕ್ಕವಳಿದ್ದಾಗ ನಾವು ಇಲ್ಲಿ ಬಾಡಿಗೆಗಿದ್ದೆವು ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

“ಬೇರೆ ಲೇಔಟು ಇರ್ಬೇಕು ನೋಡ್ರಿ. ಆವಾಗ ಇಲ್ಲಿ ಯಾರೂ ಇರ್ಲಿಲ್ಲವಂತೆ.”

“ಇದ್ವಿ ರೀ,” ಅಂದೆ. “ನಾಕು ಜನ ಇದ್ವಿ.”