ಹುಸೇನಿ ಕಾಕಾ ಕಂಡ ಕಡಲು

ಹುಸೇನಿ ಕಾಕಾ ಮುಂಬೈಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗೌಂಡಿ ಕೆಲಸ ಮಾಡಿದರು. ಆದರೆ ಒಂದು ದಿನವೂ ಕಡಲ ದಂಡೆಗೆ ಹೋಗಿ ಕಾಲು ತೋಯಿಸಿಕೊಂಡವರಲ್ಲ. ಕಡಲನ್ನು ಅವರು ನೋಡಿದ್ದೆಲ್ಲ ಮೇಲಿನಿಂದ. ತಾವೇ ಕಟ್ಟುತ್ತಿದ್ದ ಗೋಡೆಯ ಪಕ್ಕ ನಿಂತು, ಒಂದು ಕೈಯಲ್ಲಿ ಸಿಮೆಂಟು ಮೆತ್ತುವ ಕರಣಿ ಹಿಡಿದು, ಇನ್ನೊಂದು ಕೈಯನ್ನು ಹುಬ್ಬಿಗೆ ಅಡ್ಡ ಇಟ್ಟು ನೋಡುತ್ತಿದ್ದರು. ದಂಡೆಗೆ ಯಾಕೆ ಹೋಗುವುದಿಲ್ಲ ಅಂತ ಕೇಳಿದರೆ, ಹವಾ ತಿನ್ನಲಿಕ್ಕೆ ಬಂದವರ ನಡುವೆ ಸಿಮೆಂಟಿನ ಅಂಗಿ ಹಾಕಿಕೊಂಡು ನಾನು ಏನು ಮಾಡಲಿ ಅನ್ನುತ್ತಿದ್ದರು.

ಕಾಕಾ ನಮ್ಮ ನರೋಣಾ ಊರಿನವರೇ, ನಮ್ಮ ಓಣಿಯವರೇ. ನಮ್ಮಪ್ಪನ ಗೆಳೆಯರಾದ್ದರಿಂದ ನನಗೆ ಕಾಕಾ. ಮದುವೆಯಾದ ಎರಡನೆಯ ವರ್ಷ ನಾನು ಗಂಡನ ಬೆನ್ನು ಹತ್ತಿ ಮುಂಬೈಗೆ ಹೋದಾಗ, ಅವರ ಕೈಕೆಳಗೇ ಮಾಲು ಹೊರುವ ಕೆಲಸ ಸಿಕ್ಕಿತು. ಮಾಲು ಅಂದರೆ ಕಲಸಿದ ಸಿಮೆಂಟು, ಉಸುಕು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನ ಮಂದಿ ಅವರ ಗ್ಯಾಂಗಿನಲ್ಲಿದ್ದರು. ಎಂಟು ವರ್ಷ ಹೊತ್ತೆ ನಾನು. ನನ್ನ ತಲೆಯ ನಡುವೆ ಕೂದಲು ತೆಳ್ಳಗಾದದ್ದು ವಯಸ್ಸಿನಿಂದಲ್ಲ, ಹೇಳಿರುತ್ತೇನೆ.

ಬಾಯಿ ಮಾತ್ರ ಕೆಟ್ಟದ್ದು ಕಾಕಾರದು. ಬುಟ್ಟಿ ಒಂದು ಗಳಿಗೆ ತಡವಾದರೆ, "ಏನ ಬೇ ಮಾದೇವಿ, ಸಿಮೆಂಟು ತರಾಕ ಆಳಂದಕ್ಕ ಹೋಗಿದ್ದೇನು?" ಅಂತ ಆ ಅಂತಸ್ತಿನಿಂದ ಈ ಅಂತಸ್ತಿಗೆ ಕೇಳುವಂತೆ ಬೈಯುತ್ತಿದ್ದರು. ಮಧ್ಯಾಹ್ನ ಉಣ್ಣಲು ಕೂತಾಗ ಬೈದದ್ದು ಮರೆತು, ತಮ್ಮ ರೊಟ್ಟಿಯ ಮೇಲಿನ ಶೇಂಗಾ ಹಿಂಡಿಯನ್ನು ಅರ್ಧ ನನ್ನ ಕಡೆ ಸರಿಸುತ್ತಿದ್ದರು. ಬೈಸಿಕೊಂಡದ್ದಕ್ಕೆ ಸಿಟ್ಟು ಬರುತ್ತಿತ್ತು, ಹಿಂಡಿ ತಿಂದ ಮೇಲೆ ಇಳಿಯುತ್ತಿತ್ತು.

ಅವರದೊಂದು ಪದ್ಧತಿಯಿತ್ತು. ಬೇರೆ ಯಾವ ಗೌಂಡಿಯೂ ಹಾಗೆ ಮಾಡಿದ್ದನ್ನು ನಾನು ನೋಡಲಿಲ್ಲ. ಯಾವುದೇ ಕಟ್ಟಡವಾಗಲಿ, ಒಂದೊಂದೇ ಅಂತಸ್ತು ಏರುತ್ತಾ ಏರುತ್ತಾ, ಮೊದಲ ಸಲ ಎಂದು ಕಡಲು ಕಣ್ಣಿಗೆ ಬೀಳುತ್ತದೋ ಅಂದು ಕರಣಿ ಕೆಳಗಿಟ್ಟುಬಿಡುತ್ತಿದ್ದರು. ಕೆಳಗಿನವರನ್ನೆಲ್ಲ ಕೂಗುತ್ತಿದ್ದರು. ಉಸುಕು ಜರಡಿ ಹಿಡಿಯುವವರು, ಕಬ್ಬಿಣ ಬಾಗಿಸುವವರು, ಕೂಸಿಗೆ ಹಾಲು ಕುಡಿಸುತ್ತಾ ಕೂತ ಹೆಣ್ಣುಮಕ್ಕಳು, ಎಲ್ಲರೂ ಮೇಲೆ ಬರಬೇಕು. ಬಂದವರ ಕೈಗೆ ಒಂದೊಂದು ಚೂರು ಬೆಲ್ಲ. ಅರ್ಧ ತಾಸು ಎಲ್ಲರೂ ನಿಂತು ಕಡಲು ನೋಡುವುದು. ಜೋಳದ ಹೊಲ ಬಿಟ್ಟು ಬೇರೆ ಬಯಲು ಕಾಣದ ಕಣ್ಣು ನಮ್ಮವು. ಮೊದಲ ಸಲ ಅಷ್ಟು ನೀರು ನೋಡಿ ನನಗೆ ಯಾಕೋ ಅಳು ಬಂತು.

ಒಮ್ಮೆ ನಮ್ಮ ಮೇಲಿನ ಮುಕಾದಮ ಕೆಲಸ ನಿಂತದ್ದಕ್ಕೆ ರೇಗಾಡಿದ. ಕಾಕಾ ಅವನಿಗೂ ಬೆಲ್ಲ ಕೊಟ್ಟು, ಸಣ್ಣ ದನಿಯಲ್ಲಿ ಅಂದರು, "ಸಾಹೇಬ್ರ, ಖಿಡಕಿ ಕೂಡಿಸಿದ ಮ್ಯಾಲ ಇದನ್ನ ನೋಡವ್ರು ಬ್ಯಾರೆ ಮಂದಿ. ನಮಗಿರೋದು ಇವತ್ತೊಂದ ದಿವಸ." ಮುಕಾದಮ ಬೆಲ್ಲ ಬಾಯಿಗೆ ಹಾಕಿಕೊಂಡ. ಅವನೂ ನಿಂತು ನೋಡಿದ.

ಆ ಊರು ಹೇಗೆ ಬೆಳೆಯಿತು ಅನ್ನುವುದನ್ನು ಕಾಕಾ ಈ ಬೆಲ್ಲದಿಂದಲೇ ಹೇಳುತ್ತಿದ್ದರು. ಅವರು ಹೋದ ಹೊಸತಿನಲ್ಲಿ ಸುತ್ತ ಹಂಚಿನ ಚಾಳುಗಳು, ನಡುನಡುವೆ ಗಿರಣಿಗಳ ಚಿಮಣಿ, ಅಷ್ಟೆ. ಎರಡನೆಯ ಅಂತಸ್ತಿಗೇ ಬೆಲ್ಲ ಹಂಚಬೇಕಾಗುತ್ತಿತ್ತು. ನಾನು ಹೋಗುವಷ್ಟರಲ್ಲಿ ಏಳನೆಯದಕ್ಕೆ ಏರಬೇಕಾಗಿತ್ತು. ಆಮೇಲೆ ಹನ್ನೆರಡು. ಚಾಳುಗಳು ಹೋದವು, ಗಿರಣಿಗಳ ಭೋಂಗಾ ಕೂಗುವುದು ನಿಂತಿತು, ನಾವು ಚಹಾ ಕುಡಿಯುತ್ತಿದ್ದ ರಸ್ತೆಯ ತಲೆಯ ಮೇಲೆ ಇನ್ನೊಂದು ರಸ್ತೆ ಬಂದು ಕೆಳಗಿನ ಅಂಗಡಿಗಳಿಗೆ ಹಗಲಲ್ಲೂ ದೀಪ ಹಚ್ಚುವ ಹಾಗಾಯಿತು. ನನ್ನ ಕಡೆಯ ವರ್ಷ ಒಂದು ದೊಡ್ಡ ಕೆಲಸ ನಡೆದಿತ್ತು. ಕಾಕಾ ಬೆಲ್ಲ ಜೇಬಿಗೆ ಹಾಕಿಕೊಂಡು ದಿನಾ ಏರಿದರು. ಹದಿನೆಂಟಾಯಿತು, ಇಪ್ಪತ್ತಾಯಿತು. ಎದುರಿಗೆ ಬರೀ ಬೇರೆಯವರ ಗಾಜಿನ ಗೋಡೆ. ಜೇಬಿನ ಬೆಲ್ಲಕ್ಕೆ ಇರುವೆ ಹತ್ತಿ ಅಂಗಿಯೊಳಗೆಲ್ಲ ಹರಿದಾಡಿದವು. ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ನಗಲಿಲ್ಲ. ಅಡ್ಡ ನಿಂತ ಆ ಕಟ್ಟಡಗಳಲ್ಲಿ ಎರಡನ್ನು ಅವರೇ ಕಟ್ಟಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಖಾಸಿಂಬಿ ನಾನು ಹೋಗುವ ಮೊದಲೇ ಕಾಮಾಲೆಯಾಗಿ ಅಲ್ಲಿಯೇ ತೀರಿಕೊಂಡಿದ್ದಳು. ಕಾಕಾ ಗೌಂಡಿಯಾಗಿ ಮೊದಲು ಕಟ್ಟಿದ ನಾಲ್ಕಂತಸ್ತಿನ ಮನೆಗೆ ಮಾಲು ಹೊತ್ತವಳು ಅವಳೇ. ಆ ಮನೆಗೆ ಎದುರಾಗಿ, ರಸ್ತೆಯ ಆಚೆ ಇದ್ದ ಕಬರಸ್ತಾನದಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಜಾಗದ ತೊಂದರೆಯ ಆ ಊರಿನಲ್ಲಿ ಬಡವರ ಗೋರಿಗೆ ಕಲ್ಲು ಎಲ್ಲಿಯದು? ಕಲ್ಲು ಇದ್ದರೂ ಕಾಕಾಗೆ ಅಕ್ಷರ ಬರುತ್ತಿರಲಿಲ್ಲ. ಗೌಂಡಿಗೆ ಬರುವುದು ಕಣ್ಣಳತೆ. ಅದರಿಂದಲೇ ಗುರುತು ಮಾಡಿಕೊಂಡರು. ಗೋರಿಗಳ ಸಾಲಿನ ಬದಿಗೆ, ಕಬರಸ್ತಾನದ ಗೋಡೆಯ ಗುಂಟ ಒಂದು ಕಾಲುಹಾದಿ. ಅದರ ಮೇಲೆ ನಡೆಯುತ್ತಾ ರಸ್ತೆಯ ಕಡೆ ನೋಡಿದರೆ ಆ ನಾಲ್ಕಂತಸ್ತಿನ ಮನೆ, ಅದರ ಹಿಂದೆ ದೂರದಲ್ಲಿ ಗಿರಣಿಯ ಚಿಮಣಿ. ನಡೆದ ಹಾಗೆ ಚಿಮಣಿ ಮನೆಯ ಮೂಲೆಯ ಕಡೆ ಸರಿಯುತ್ತಾ ಬಂದು, ಒಂದು ಕಡೆ ಪೂರ್ತಿ ಮರೆಯಾಗುತ್ತಿತ್ತು. ಅದು ಮರೆಯಾದಲ್ಲಿ ನಿಂತು ಕೆಳಗೆ ನೋಡಿದರೆ ಖಾಸಿಂಬಿ. ಕೆಲವು ಸಲ ನಾನೂ ಜೊತೆಗೆ ಹೋಗಿ ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಕಾಕಾ ಮುಖ ಮೇಲೆತ್ತಿ ಒಂದೊಂದೇ ಹೆಜ್ಜೆ ಇಡುವುದು, ಗಕ್ಕನೆ ನಿಂತು ಕೂತುಬಿಡುವುದು ಕಾಣುತ್ತಿತ್ತು.

ಆಮೇಲೆ ನಾವು ಊರಿಗೆ ಬಂದೆವು. ಮುಂದೆ ಎರಡು ವರ್ಷಕ್ಕೆ ಕಾಕಾ ಕೆಲಸದಲ್ಲಿ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡು, ಊರಲ್ಲೇ ಇದ್ದ ಅಣ್ಣನ ಮಗ ರಫೀಕನ ಮನೆಗೆ ಬಂದು ಬಿದ್ದರು. ಹತ್ತು ವರ್ಷ ಆ ಕಡೆ ಹೋಗಲಿಕ್ಕಾಗಲಿಲ್ಲ. ಹೋದ ವರ್ಷ ಒಂದು ದಿನ ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದು ಕೂತರು. ಅವರಿಗೆ ಒಂದೇ ಆಸೆ ಉಳಿದಿತ್ತು. "ನಾ ಸತ್ತಾಗ ಎಲ್ಲಾರೂ ಮೂರ್ಮೂರು ಹಿಡಿ ಮಣ್ಣು ಹಾಕ್ತಾರಲ್ಲ, ಅದರಾಗ ಒಂದು ಹಿಡಿ ಆಕಿ ಕಬರಿಂದಿರಲಿ, ಮಾದೇವಿ. ನನ್ನ ಕರಕೊಂಡು ಹೋಗು. ರಫೀಕಗ ಆ ಊರ ಗೊತ್ತಿಲ್ಲ." ಕಲಬುರಗಿಯಿಂದ ರೈಲು ಹತ್ತಿದೆವು.

ಅಲ್ಲಿ ಇಳಿದ ಮೇಲೆ ನನಗೂ ಊರು ಗೊತ್ತಿಲ್ಲ ಅನ್ನುವುದು ಗೊತ್ತಾಯಿತು. ಕೇಳುತ್ತಾ ಕೇಳುತ್ತಾ ಕಬರಸ್ತಾನ ಮುಟ್ಟಿದೆವು. ಗೇಟು ಅದೇ, ಗೋಡೆ ಅದೇ, ಕಾಲುಹಾದಿ ಅದೇ. ಹೆಂಗಸರು ಒಳಗೆ ಬರಬಾರದು ಅಂದ ಕಾವಲುಗಾರ, ಕಾಕಾರ ನಡಿಗೆ ನೋಡಿ ನನ್ನನ್ನೂ ಬಿಟ್ಟ. ಕಾಕಾ ನನ್ನ ತೋಳು ಹಿಡಿದು ಹಾದಿಗೆ ನಿಂತು, ಮುಖ ಮೇಲೆತ್ತಿದರು.

ನಾಲ್ಕಂತಸ್ತಿನ ಮನೆ ಇರಲಿಲ್ಲ. ಚಿಮಣಿಯೂ ಇರಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಮುಗಿಲು ಮುಚ್ಚಿ ಮೂರು ಟಾವರು ನಿಂತಿದ್ದವು.

ಕಾಕಾ ಆ ಹಾದಿಯಲ್ಲಿ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದರು. ಒಂದು ಕಣ್ಣು ಮುಚ್ಚಿ ನೋಡಿದರು. ಹೊಸ ಟಾವರಿನ ಮೂಲೆಗಳನ್ನು ಹಿಡಿದು ಹಳೆಯ ಮೂಲೆ ಎಲ್ಲಿತ್ತು ಅಂತ ಲೆಕ್ಕ ಹಾಕಿದರು. ಕಡೆಗೆ ಒಂದು ಬೇವಿನ ಗಿಡದ ಬುಡಕ್ಕೆ ಕೂತು, "ನಾ ಕಟ್ಟಿದ್ದು ನನಗಿಂತ ಮೊದಲ ಹೋಗ್ತದಂತ ಎಂದೂ ಅನಿಸಿದ್ದಿಲ್ಲ ಬೇ" ಅಂದರು.

ಅವರ ಮುಖ ನೋಡಲಿಕ್ಕಾಗದೆ ನಾನು, "ಈ ಸಾಲಿನಾಗ ಎಲ್ಲೋ ಅದಾಳ್ರಿ ಕಾಕಾ, ಇಲ್ಲೇ ಒಂದು ಹಿಡಿ ತಗೊಳ್ರಿ" ಅಂದೆ.

"ಬ್ಯಾಡ. ಯಾರದೋ ಅವ್ವ, ಯಾರದೋ ಹೆಂಡ್ತಿ ಇರ್ತಾಳ ಇಲ್ಲಿ. ಆ ಮಣ್ಣು ಒಯ್ದು ಖಾಸಿಂಬಿದಂತ ಹೇಳ್ಲೇನು? ಆಕಿನೂ ಒಪ್ಪಂಗಿಲ್ಲ, ಇವರೂ ಒಪ್ಪಂಗಿಲ್ಲ."

ಎಲ್ಲ ಗೋರಿಗಳಿಗೂ ಸೇರಿ ಒಂದು ಫಾತೆಹಾ ಓದಿದರು. ಎದ್ದು ಗೇಟಿನ ಕಡೆ ಹೊರಟರು. ನಾನು ಚಪ್ಪಲಿ ಸರಿ ಮಾಡಿಕೊಳ್ಳುವ ನೆವದಿಂದ ಹಿಂದೆ ಉಳಿದೆ. ಹಾದಿಯ ಪಕ್ಕದ ಗೋರಿಸಾಲಿನ ನಡುಮಧ್ಯದಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ, ಅವರ ಖಾಲಿ ಕೈ ನೋಡಿ ತಡೆಯಲಾಗಲಿಲ್ಲ. ರೈಲಿನಲ್ಲಿ ಕಾಕಾ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಅವರು ಬೈಯದೆ ಕೂತಷ್ಟು ಹೊತ್ತು ನನಗೆ ಹೆದರಿಕೆಯಾಗಿತ್ತು.

ಈ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಕಾಕಾ ಹೋದರು. ಜನಾಜಾ ಓಣಿ ದಾಟುವ ಮೊದಲು ನಾನು ರಫೀಕನನ್ನು ಬದಿಗೆ ಕರೆದು ಆ ಮಣ್ಣಿನ ಪೊಟ್ಟಣ ಕೈಗಿಟ್ಟೆ. ಮುಂಬೈಯದು ಅಂದೆ. ಅವನ ಕಣ್ಣು ತುಂಬಿದವು.

"ಚಾಚಿ ಕಬರಿಂದೇ ಏನ್ರಿ ಅಕ್ಕಾ?"

ನಿಜ ಹೇಳಬೇಕೆಂದೇ ಬಾಯಿ ತೆರೆದಿದ್ದೆ. "ಹೌದಪ್ಪಾ, ಆಕಿದೇ" ಅಂದೆ.

ಅವನು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಹೊರಟವರ ಜೊತೆ ಓಡಿ ಹೋಗಿ ಹೆಗಲು ಕೊಟ್ಟ. ಸಂಜೆ ಬಂದು, ಮೊದಲ ಹಿಡಿ ಅದನ್ನೇ ಹಾಕಿದೆನೆಂದು ಹೇಳಿದ. ಕಾಕಾ ಬೇಡವೆಂದ ಮಣ್ಣು ಈಗ ಅವರ ಮೈಮೇಲಿದೆ, ಯಾರದೋ ಅವ್ವನದು, ಯಾರದೋ ಹೆಂಡತಿಯದು. ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಓಣಿಗೆಲ್ಲ ಕೇಳುವಂತೆ ಬೈದರೂ ಬೈಸಿಕೊಳ್ಳಲು ತಯಾರಿದ್ದೇನೆ. ಬೈಯುವವರು ಇಲ್ಲ.